ರಾಚವ್ವನ ಪಾರ್ಟು

ಮರಿಯಮ್ಮನಹಳ್ಳಿಯ ವಿರುಪಮ್ಮ ನಾಟಕ ಕಂಪನಿಗಳಲ್ಲಿ ಹೀರೋಯಿನ್ ಪಾರ್ಟು ಮಾಡಿ ಹೆಸರಾದವಳು. ಹೆಸರು ಎಷ್ಟಿತ್ತೋ ಗತ್ತೂ ಅಷ್ಟೇ ಇತ್ತು. ಈಗ ಮೊಣಕಾಲು ನೋವು, ಶುಗರ್ರು. ಆದರೂ ಅಂಗಳದಲ್ಲಿ ಕೂತು ಯಾರನ್ನಾದರೂ ಕೂಗಿದರೆ ಬಸ್‌ಸ್ಟ್ಯಾಂಡಿನಲ್ಲಿ ನಿಂತವರು ತಿರುಗಿ ನೋಡಬೇಕು, ಅಂಥ ಗಂಟಲು.

ಅವಳ ಮುಂದೆ ಒಂದು ಸಿನಿಮಾದ ಹೆಸರನ್ನು ಮಾತ್ರ ಯಾರೂ ಎತ್ತುವ ಹಾಗಿರಲಿಲ್ಲ. ಅದು ‘ಕಲ್ಲುಬಾವಿ ಕೇಸು’. ವಿರುಪಮ್ಮ ಹರೆಯದಲ್ಲಿದ್ದಾಗ ಅದರ ಡೈರೆಕ್ಟರು ಅವಳ ಕಂಪನಿಯ ನಾಟಕ ನೋಡಲು ಬಂದಿದ್ದರು. ನಾಟಕ ಮುಗಿದ ಮೇಲೆ ಒಳಗೆ ಬಂದು, ಹೀರೋಯಿನ್ನನ್ನು ಬಿಟ್ಟು, ಸಖಿ ಪಾರ್ಟಿನ ಚೆನ್ನಬಸಮ್ಮನನ್ನು ಆರಿಸಿಕೊಂಡು ಹೋದರು. ಸಿನಿಮಾ ಸಂಡೂರಿನ ಗುಡ್ಡಗಳಲ್ಲಿ ತಯಾರಾಯಿತು, ಹೊಸಪೇಟೆಯಲ್ಲಿ ಓಡಿತು, ಪೇಪರಿನವರು ಹೊಗಳಿ ಬರೆದರು. ವಿರುಪಮ್ಮ ಅತ್ತ ತಲೆಹಾಕಲಿಲ್ಲ. ಚೆನ್ನಬಸಮ್ಮ ಅದೊಂದೇ ಸಿನಿಮಾ ಮಾಡಿ, ಕಂಪ್ಲಿಗೆ ಮದುವೆಯಾಗಿ ಹೋದಳು. ಮಾತಿಲ್ಲದೆಯೇ ಇಬ್ಬರ ಕೂದಲೂ ಬೆಳ್ಳಗಾಯಿತು.

ಒಂದು ಭಾನುವಾರ ಸೊಸೆ ಸ್ನೇಹಾ ಮೊಬೈಲಿನಲ್ಲಿ ಏನೋ ಹುಡುಕಿ ಟೀವಿಗೆ ಹಚ್ಚಿದಳು. “ಯಾವ್ದೋ ಹಳೇ ಖೂನಿ ಪಿಕ್ಚರ್ ಅತ್ತೀ, ಭಾಳ ಚಲೋ ಐತಂತ,” ಅಂದಳು. ಅವಳಿಗೆ ಹಿಂದಿನದೇನೂ ಗೊತ್ತಿರಲಿಲ್ಲ.

ಪರದೆಯ ಮೇಲೆ ಹೆಸರು ಬಂತು. “ಬಂದ್ ಮಾಡು!” ಅಂದಳು ವಿರುಪಮ್ಮ. ಸ್ನೇಹಾ ಗಾಬರಿಯಾಗಿ ಮೊಬೈಲು ಎತ್ತಿಕೊಳ್ಳುವಷ್ಟರಲ್ಲಿ, ಕಪ್ಪುಬಿಳುಪಿನ ಗುಡ್ಡದ ದಾರಿಯಲ್ಲಿ ಒಬ್ಬ ಹೆಂಗಸು ಕೊಡ ಹೊತ್ತು ಇಳಿದು ಬಂದಳು.

“ತಡಿ,” ಅಂದಳು ವಿರುಪಮ್ಮ. “ನಡಿಗಿ ಒಂದು ನೋಡೂಣು.”

ನಡಿಗೆ ನೋಡಿದಳು. ಆಮೇಲೆ ಪೂರ್ತಿ ಸಿನಿಮಾ ನೋಡಿದಳು.

ಕತೆ ಸರಳ. ಗಣಿಯಲ್ಲಿ ಕೂಲಿ ಮಾಡುವ ರಾಚವ್ವ, ಅದೇ ಚೆನ್ನಬಸಮ್ಮನ ಪಾರ್ಟು, ತನ್ನ ಗಂಡನನ್ನು ಕೊಂದು ಬಾವಿಗೆ ಹಾಕಿದ್ದಾಳೆ. ನೋಡುವವರಿಗೆ ಇದು ಮೊದಲೇ ಗೊತ್ತು, ಪೊಲೀಸರಿಗೆ ಗೊತ್ತಿಲ್ಲ. ಇನ್ಸ್‌ಪೆಕ್ಟರು ವಿಚಾರಣೆಗೆ ಬಂದಾಗ ಅವಳು ಜೋಳದ ರೊಟ್ಟಿ ಬಡಿಯುತ್ತಿದ್ದಾಳೆ. ಗಂಡ ಎಲ್ಲಿ? ಕಡೇ ಸಲ ಯಾವಾಗ ನೋಡಿದೆ? ಜಗಳ ಆಗಿತ್ತಾ? ಅವನು ಕೇಳುತ್ತಲೇ ಇದ್ದಾನೆ. ಅವಳ ಕೈ ಒಂದೇ ತಾಳದಲ್ಲಿ ರೊಟ್ಟಿ ಬಡಿಯುತ್ತದೆ, ತಿರುಗಿಸುತ್ತದೆ, ಹಂಚಿಗೆ ಹಾಕುತ್ತದೆ. ಅವನಿಗೂ ಒಂದು ರೊಟ್ಟಿ ಕೊಡುತ್ತಾಳೆ. ಅವನು ತಿಂದು, ಕೈ ತೊಳೆದು, ಟೋಪಿ ಹಾಕಿಕೊಂಡು, “ರೊಟ್ಟಿ ಚಲೋ ಇತ್ತು ತಾಯಿ,” ಅನ್ನುತ್ತಾನೆ.

ಆಗ ಕೈ ನಿಲ್ಲುತ್ತದೆ. ಅಷ್ಟೇ. ಮುಖದಲ್ಲಿ ಏನೂ ಇಲ್ಲ, ಕಣ್ಣೀರಿಲ್ಲ. ಹಿಟ್ಟು ಹತ್ತಿದ ಅಂಗೈ ರೊಟ್ಟಿಯ ಮೇಲೆ ಸುಮ್ಮನೆ ಕೂತಿದೆ.

ವಿರುಪಮ್ಮ ಎದ್ದು ಟೀವಿಯ ಹತ್ತಿರ ಹೋದಳು. ಮೊಣಕಾಲು ನೋವು ಅವಳಿಗೆ ನೆನಪೇ ಆಗಲಿಲ್ಲ.

“ನಾ ಆಗಿದ್ರ ಮೊದಲನೇ ಪ್ರಶ್ನೆಗೇ ಕೈ ನಿಲ್ಲಿಸಿಬಿಡ್ತಿದ್ದೆ,” ಅಂದಳು. “ಎದಿ ಹಿಡಕೊಂತಿದ್ದೆ. ಹಿಂದಿನ ಸಾಲಿನವರಿಗೆ ಮುಟ್ಟಬೇಕಲ್ಲ! ಇಕಿ ನೋಡು ಸ್ನೇಹಾ... ಎಲ್ಲಿ ನಿಲ್ಲಿಸಿದಳು ನೋಡು.”

ಸಿನಿಮಾ ಮುಗಿದ ಮೇಲೆ ವಿರುಪಮ್ಮ ತಾನೇ ಟೀವಿ ಬಂದ್ ಮಾಡಿದಳು. ಆಮೇಲೆ ಸೊಸೆಗೆ ಎಲ್ಲ ಹೇಳಿದಳು. ಕಡೆಗೆ, “ನಾಳಿ ಸ್ಕೂಲಿಗೆ ರಜಾ ಹಾಕು, ಕಂಪ್ಲಿಗೆ ಹೋಗೂಣು,” ಅಂದಳು.

ಹೊಸಪೇಟೆಯಲ್ಲಿ ಬಸ್ಸು ಬದಲಿಸುವಾಗ ವಿರುಪಮ್ಮ ಒಂದು ದಂಡೆ ಮಲ್ಲಿಗೆ ಕೊಂಡಳು. ದಾರಿಯುದ್ದಕ್ಕೂ ಕಾಲುವೆ, ಬಾಳೆ, ಭತ್ತದ ಗದ್ದೆ. ಅವಳು ಕಿಟಕಿಯ ಕಡೆ ಮುಖ ಮಾಡಿದ್ದರೂ ಏನನ್ನೂ ನೋಡುತ್ತಿರಲಿಲ್ಲ.

ಚೆನ್ನಬಸಮ್ಮನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಮಗ ತಿಪ್ಪೇಶ್ ಭತ್ತದ ವ್ಯಾಪಾರಿ, ಎಲ್ಲರಿಗೂ ಪರಿಚಯ. ಚೆನ್ನಬಸಮ್ಮ ಕಟ್ಟೆಯ ಮೇಲೆ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಬಾಗಿಲಲ್ಲಿ ನಿಂತವಳನ್ನು ಕಂಡು ಅವಳ ಮುಖ ಬಿಳಿಚಿತು.

“ಅಕ್ಕ... ಯಾರು ಹೋದ್ರು?”

“ಯಾರೂ ಸತ್ತಿಲ್ಲಲೇ. ನಾನು ಬಂದೀನಿ.”

ತಿಪ್ಪೇಶ್ ಕುರ್ಚಿ ತಂದ. “ಕುಂದ್ರಿ ದೊಡ್ಡವ್ವ.” ವಿರುಪಮ್ಮ ಕೂರಲಿಲ್ಲ. ನಿಂತೇ ಕೇಳಿದಳು: “ಆ ರೊಟ್ಟಿ ಸೀನಿನಾಗ ಇನ್ಸ್‌ಪೆಕ್ಟರು ‘ತಾಯಿ’ ಅಂದಾಗ ಯಾಕ ಕೈ ನಿಲ್ಲಿಸಿದಿ?”

ಚೆನ್ನಬಸಮ್ಮನಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ನಕ್ಕಳು. “ಅಯ್ಯ, ಅದನ್ನ ನೋಡೀಯೇನು? ಅದು ತಪ್ಪಾಗಿದ್ದು ಅಕ್ಕ. ಮೊದಲೇ ನಿಲ್ಲಿಸಬೇಕಿತ್ತು. ರೊಟ್ಟಿ ಹರೀತದ ಅಂತ ಅದರ ಕಡೆ ಲಕ್ಷ್ಯ ಇತ್ತು, ಮರ್ತೆ.”

“ಸುಳ್ಳು ಹೇಳಬ್ಯಾಡ. ಜನ್ಮ ಎಲ್ಲಾ ಸ್ಟೇಜಿನ ಮ್ಯಾಲ ಕಳೆದಾಕಿ ನಾ. ತಪ್ಪಾಗಿದ್ದು ಯಾವ್ದು, ಮಾಡಿದ್ದು ಯಾವ್ದು ನನಗ ಗೊತ್ತಾಗಂಗಿಲ್ಲೇನು?”

ಚೆನ್ನಬಸಮ್ಮನ ನಗು ಮೆಲ್ಲಗೆ ಇಳಿಯಿತು. ಬೆಳ್ಳುಳ್ಳಿಯ ಮೊರ ಪಕ್ಕಕ್ಕೆ ಸರಿಸಿದಳು.

“ಡೈರೆಕ್ಟರ್ ಜೊತಿ ಜಗಳ ಆಡಿದ್ದೆ ಅಕ್ಕ. ಅವರು, ಗಂಡ ಎಲ್ಲಿ ಅಂತ ಕೇಳಿದಾಗ ಕೈ ನಡುಗಲಿ ಅಂದ್ರು. ನಾ ಅಂದೆ, ಖೂನಿ ಮಾಡಿದಾಕಿ ಆ ಪ್ರಶ್ನೆಗೆ ದಿನಾ ತಯಾರಿ ಮಾಡಿಕೊಂಡಿರ್ತಾಳ್ರಿ. ಅದಕ್ಕ ಯಾಕ ಹೆದರ್ತಾಳ? ಯಾರಾರ ಮರ್ಯಾದಿ ಕೊಟ್ಟು ಮಾತಾಡಿಸಿದ್ರ ಅದಕ್ಕ ಮಾತ್ರ ತಯಾರಿರಂಗಿಲ್ಲ.” ಅವಳು ಕೈಗೆ ಹತ್ತಿದ ಸಿಪ್ಪೆ ಕೊಡವಿದಳು. “ಇಷ್ಟು ವರ್ಷದಾಗ ಯಾರೂ ಇದನ್ನ ಕೇಳಿಲ್ಲ ನೋಡು. ಪಿಕ್ಚರ್‌ನಾಗ ಮಾಡಿದ್ದಿ, ಎಷ್ಟು ಕೊಟ್ರು ಅಂತ ಕೇಳ್ತಾರ.”

ವಿರುಪಮ್ಮ ಈಗ ಕುರ್ಚಿಯನ್ನು ಬಿಟ್ಟು ಕಟ್ಟೆಯ ಮೇಲೆ ಅವಳ ಪಕ್ಕದಲ್ಲೇ ಕೂತಳು. ಮಲ್ಲಿಗೆ ದಂಡೆ ತೆಗೆದು ಅವಳ ತೆಳ್ಳಗಿನ ತುರುಬಿಗೆ ಮುಡಿಸಿದಳು. “ಆ ಮನುಷ್ಯ ಸರಿಯಾದಾಕಿನ್ನ ಕರಕೊಂಡು ಹೋದ,” ಅಂದಳು. “ನಾ ಮಾಡಿದ್ರ ಊರೆಲ್ಲಾ ಅಳ್ತಿತ್ತು, ರಾಚವ್ವ ಮಾತ್ರ ಇರ್ತಿರಲಿಲ್ಲ.”

ಚೆನ್ನಬಸಮ್ಮ ಸೆರಗಿನಿಂದ ಕಣ್ಣು ಒತ್ತಿಕೊಂಡು, “ಬೆಳ್ಳುಳ್ಳಿ ಕೈ ಕಣ್ಣಿಗೆ ಹತ್ತಿತು,” ಅಂದಳು. ತಿಪ್ಪೇಶ್ ಅವ್ವನನ್ನೇ ನೋಡುತ್ತ ನಿಂತಿದ್ದ. ಅವನು ಆ ಸಿನಿಮಾವನ್ನು ಒಮ್ಮೆಯೂ ನೋಡಿರಲಿಲ್ಲ.

ಮುಂದಿನ ತಿಂಗಳು ಮರಿಯಮ್ಮನಹಳ್ಳಿಯ ಕಲಾವಿದೆಯರೆಲ್ಲ ಒಂದು ಹಾಲ್‌ನಲ್ಲಿ ಸೇರಿದರು. ವಿರುಪಮ್ಮ ಒಬ್ಬೊಬ್ಬರ ಮನೆಗೂ ಹೋಗಿ ಕರೆದಿದ್ದಳು. ಗೋಡೆಗೆ ಬಿಳಿ ಪಂಚೆ ಕಟ್ಟಿದ್ದರು, ಸ್ನೇಹಾ ಸ್ಕೂಲಿನಿಂದ ಪ್ರೊಜೆಕ್ಟರ್ ತಂದಿದ್ದಳು. ತಿಪ್ಪೇಶ್ ಅವ್ವನನ್ನು ಕಾರಿನಲ್ಲಿ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದ. ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ತನ್ನದೇ ಮುಖವನ್ನು ಯಾರದೋ ಮುಖದ ಹಾಗೆ ನೋಡಿದಳು.

ರೊಟ್ಟಿಯ ಸೀನು ಬಂತು. ಇನ್ಸ್‌ಪೆಕ್ಟರು ಟೋಪಿ ಹಾಕಿಕೊಂಡು ‘ತಾಯಿ’ ಅಂದ. ಕೈ ನಿಂತಿತು. ಜೀವಮಾನವೆಲ್ಲ ಬಣ್ಣ ಹಚ್ಚಿದ ಆ ಹೆಂಗಸರೆಲ್ಲ ಮುಂದಕ್ಕೆ ಬಾಗಿದರು. ತಿಪ್ಪೇಶ್ ಮೆಲ್ಲಗೆ ಅವ್ವನ ಕೈ ಹಿಡಿದುಕೊಂಡ.

ಆಗ ಕತ್ತಲೆಯಲ್ಲಿ ವಿರುಪಮ್ಮ ಎದ್ದು ನಿಂತಳು. ಸೂರು ಅದುರುವ ಹಾಗೆ ಕೂಗಿದಳು:

“ಒನ್ಸ್ ಮೋರ್!”

ಎಲ್ಲರೂ ದನಿಗೂಡಿಸಿದರು. ಸ್ನೇಹಾ ನಗುತ್ತ ಸಿನಿಮಾವನ್ನು ಹಿಂದಕ್ಕೆ ಎಳೆದಳು.