ಪೂಜೆಗೊಂದು ಹಳಿ

ಮುಂಡಗೋಡದಲ್ಲಿ ರೈಲು ನಿಂತಿತು. ರಾಮನಗರದಲ್ಲೂ ನಿಂತಿತು. ದಾಂಡೇಲಿಯ ದೇವರಾಜನ ಅಂಗಡಿಯಲ್ಲಿ ಮಾತ್ರ ಅದು ಒಮ್ಮೆಯೂ ನಿಂತಿರಲಿಲ್ಲ. ಅವನ ತಲೆ ಕೆಟ್ಟದ್ದು ಅದಕ್ಕೇ.

ಅವನದು ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿಯ ಅಂಗಡಿ. ಊರಿಗೆ ಬರುತ್ತಿದ್ದ ಪ್ಯಾಸೆಂಜರ್ ಗಾಡಿ ನಿಂತುಹೋದ ಮೇಲೆ, ಅದನ್ನು ಕಾಣದ ಮಕ್ಕಳಿಗೆ ತೋರಿಸಬೇಕೆಂದು ಅಂಗೈಯುದ್ದದ ಇಂಜಿನ್ನು, ಡಬ್ಬಿಗಳು, ಸ್ಟೇಷನ್ನು, ಅಳ್ನಾವರದ ಕಡೆಯ ಕಾಡು ಎಲ್ಲವನ್ನೂ ಮೂರು ಪ್ಲೈವುಡ್ ಹಲಗೆಗಳ ಮೇಲೆ ಕಟ್ಟಿದ್ದ. ಬಿಡಿಸಿ ಒಯ್ಯಬಹುದು, ಹೋದಲ್ಲಿ ಜೋಡಿಸಬಹುದು. ಹಳಿಯಲ್ಲಿ ಕರೆಂಟು ಹರಿಯುತ್ತದೆ, ಗಾಲಿಗಳು ಅದನ್ನು ಮೋಟಾರಿಗೆ ಮುಟ್ಟಿಸುತ್ತವೆ. ಅಷ್ಟೇ ಅದರ ಗುಟ್ಟು.

ಒಯ್ಯುತ್ತಿದ್ದವರು ಟೆಂಪೋದ ಬಸಲಿಂಗಯ್ಯ. ಬಾಡಿಗೆ ಎಷ್ಟೆಂದು ಕೇಳಿದರೆ ಬೈಯುತ್ತಿದ್ದರು. ಹಲಗೆಗಳ ನಡುವೆ ಮನೆಯಲ್ಲಿ ಹೊದೆಯುವ ಕೌದಿ ಹಾಸುತ್ತಿದ್ದರು. ತಿರುವಿನಲ್ಲಿ ಎಮ್ಮೆ ಅಡ್ಡ ಬಂದರೂ ಬ್ರೇಕನ್ನು ಮೆಲ್ಲಗೆ ಒತ್ತುತ್ತಿದ್ದರು. ಅವರಿಲ್ಲದಿದ್ದರೆ ಆ ಹಲಗೆಗಳು ಅಂಗಡಿಯ ಹೊಸ್ತಿಲು ದಾಟುತ್ತಿರಲಿಲ್ಲ.

ಮುಂಡಗೋಡದಲ್ಲಿ ನಿಂತಾಗ ದೇವರಾಜ ಹಲಗೆಗಳ ಸಂದಿಯನ್ನು ದೂರಿದ. ಬಾಗಿಲಿನ ಕೀಲು ತಂದು ಹೊಡೆದ, ಕೆಳಗೆ ಹೊಸ ವಾಯರು ಬೆಸುಗೆ ಹಾಕಿದ, ದಾರಿಯ ಧೂಳೆಂದು ಹಳಿ, ಗಾಲಿ ಒರೆಸಿದ. ರಾಮನಗರದಲ್ಲಿ ಹಳಿಗೆ ಹಳಿ ಸರಿಯಾಗಿ ಕೂತಿತು, ರೈಲು ಮಾತ್ರ ಅಲುಗಲಿಲ್ಲ. "ಇದ ಖರೇ ಪ್ಯಾಸೆಂಜರ್ ನೋಡ್ರಿ, ಸ್ಟೇಷನ್ ಬಿಡೂದ ಇಲ್ಲ" ಎಂದು ಯಾರೋ ಕೂಗಿದರು. ಮಂದಿ ನಕ್ಕರು.

ಮುಂದಿನದು ಹಳಿಯಾಳದ ಶಾಲೆ. ಎರಡು ಸಲ ಕೆಟ್ಟ ಗಾಡಿ ಯಾಕೆ ಎಂದು ಉಳಿದ ಮಾಸ್ತರರು ಅಂದರೂ ವಿಜ್ಞಾನದ ಪೂರ್ಣಿಮಾ ಟೀಚರ್ ಹಟ ಮಾಡಿ ಕರೆದಿದ್ದರು. ಅಲ್ಲಿಯೂ ನಿಂತರೆ ಹಲಗೆ ಬಿಚ್ಚಿ ಅಂಗಡಿಗೆ ಕಪಾಟು ಮಾಡಿಸುವುದೆಂದು ದೇವರಾಜ ನಿರ್ಧರಿಸಿದ್ದ.

ರಾಮನಗರದಿಂದ ಬಂದ ಮೇಲೆ ಇಂಜಿನ್ ಕವುಚಿಟ್ಟು ಗಾಲಿ ಒರೆಸಿದ. ಬಟ್ಟೆಗೆ ಬೂದು ಬಣ್ಣದ, ನಸುಗೆಂಪಿನ ಅಂಟು ಹತ್ತಿತು. ಮೂಸಿ ನೋಡಿದ. ವಿಭೂತಿ, ಕುಂಕುಮ, ಗಾಲಿಯ ಎಣ್ಣೆ.

ಆಗ ಎಲ್ಲ ತಿಳಿಯಿತು. ಪ್ರತಿ ಊರಲ್ಲೂ ರೈಲು ಬಿಡುವ ಮುಂಚೆ ಬಸಲಿಂಗಯ್ಯ ಇಂಜಿನ್ನಿಗೆ ವಿಭೂತಿ ಎಳೆಯುತ್ತಿದ್ದರು, ಹಳಿಗೆ ಕುಂಕುಮ ಇಡುತ್ತಿದ್ದರು, ಮಂದಿಯ ಕಣ್ಣು ಬೀಳಬಾರದೆಂದು ಬೆರಳಿಗೆ ಉಳಿದದ್ದನ್ನೂ ಹಳಿಯುದ್ದಕ್ಕೂ ಸವರುತ್ತಿದ್ದರು. ಅಂಗಡಿಯಲ್ಲಿ ಯಾರೂ ಪೂಜೆ ಮಾಡುತ್ತಿರಲಿಲ್ಲ.

ಹೇಳುವುದು ಹೇಗೆ? ನಿಮ್ಮ ಭಕ್ತಿಯಿಂದ ನನ್ನ ರೈಲು ಕೆಟ್ಟಿತು ಎಂದು ಆ ಮನುಷ್ಯನಿಗೆ ಯಾವ ಬಾಯಿಂದ ಅನ್ನುವುದು? ದೇವರಾಜ ಹೇಳಲಿಲ್ಲ. ಹಳಿಯನ್ನೆಲ್ಲ ಒರೆಸಿ, ಎದುರಿನ ಹಲಗೆಯ ಅಂಚಿಗೆ ಗೇಣುದ್ದದ ಬೇರೆ ಹಳಿ ಬಡಿದು, ಮೋಟಾರು ಸುಟ್ಟಿದ್ದ ಹಳೆಯ ಇಂಜಿನ್ನನ್ನು ಅದರ ಮೇಲೆ ಕೂರಿಸಿದ.

ಹಳಿಯಾಳದಲ್ಲಿ ಮಕ್ಕಳು ಮುತ್ತಿಕೊಂಡರು. ಬಸಲಿಂಗಯ್ಯ ಜೇಬಿನಿಂದ ವಿಭೂತಿ ತೆಗೆದರು.

"ಅಯ್ಯನವರ, ಈ ಸಲ ಪೂಜಾ ಇದಕ್ಕ ಮಾಡ್ರಿ" ಎಂದು ದೇವರಾಜ ಹಳೆಯ ಇಂಜಿನ್ ತೋರಿಸಿದ. "ಇದು ಹಿರೀದು."

ಬಸಲಿಂಗಯ್ಯ ಬಗ್ಗಿ ಹಲಗೆಯ ತಳ ನೋಡಿದರು. "ಈ ಹಳೀಗೆ ವಾಯರ ಇಲ್ಲಲ್ಲೋ?"

"ಹಿರೀದು ಐತ್ರಿ, ಅದಕ್ಕ..."

"ಸುಳ್ಳ ಹೇಳಬ್ಯಾಡ. ನನ್ನ ವಿಭೂತಿ ಕರೆಂಟಿಗೆ ಅಡ್ಡ ಬಂತು, ಹೌದಿಲ್ಲೋ?"

ದೇವರಾಜ ಹೌದೆಂದು ತಲೆ ಆಡಿಸಿದ.

"ಮಂದಿ ಕಡಿಂದ ನಗಿಸ್ಕೊಂಡಿ. ಬಾಯಿಗೆ ಕೀಲಿ ಬಿದ್ದಿತ್ತೇನಲೇ? ಟೆಂಪೋಕ್ಕ ನಾ ವಿಭೂತಿ ಹಚ್ಚೂದು ಬಾನೆಟ್ಟಿಗೆ. ಬ್ಯಾಟರಿ ಟರ್ಮಿನಲ್ಲಿಗೆ ಹಚ್ತೇನೇನು? ನಿನ್ನ ಗಾಡೀದು ಬಾನೆಟ್ ಯಾವ್ದು, ಟರ್ಮಿನಲ್ ಯಾವ್ದು, ನನಗೇನ ಗೊತ್ತು? ಹೇಳಬೇಕಾದಾವ ನೀ."

"ನಿಮಗ ಬ್ಯಾಸರ ಆಗಬಾರದಂತ..."

"ಬ್ಯಾಸರ ಈಗ ಆತು."

"ಜಗಳ ಆಮ್ಯಾಲೆ ಮಾಡ್ರೆಪಾ" ಎಂದರು ಪೂರ್ಣಿಮಾ ಟೀಚರ್. "ಹುಡುಗರು ಕಾಯಾಕತ್ತಾರ."

ಬಸಲಿಂಗಯ್ಯ ಸುಟ್ಟ ಇಂಜಿನ್ನಿಗೇ ಸಾವಕಾಶವಾಗಿ ವಿಭೂತಿ ಎಳೆದರು, ಕುಂಕುಮ ಇಟ್ಟರು. ಕೈಯನ್ನು ಧೋತರಕ್ಕೆ ಒರೆಸಿ, ಎರಡೂ ಅಂಗೈ ದೇವರಾಜನಿಗೆ ತೋರಿಸಿ, ದೂರ ಸರಿದು ನಿಂತರು.

ರೈಲು ಹೊರಟಿತು. ಮೊದಲ ಸಂದಿ ದಾಟಿತು, ಎರಡನೆಯದನ್ನೂ ದಾಟಿತು. ಶಾಲೆಯ ಗಂಟೆ ಹೊಡೆಯುವವರೆಗೆ ಓಡಿತು. ನಿಂತದ್ದು ದೇವರಾಜ ನಿಲ್ಲಿಸಿದಾಗ. ಪೂರ್ಣಿಮಾ ಟೀಚರ್ ಉಳಿದ ಮಾಸ್ತರರನ್ನು ಒಬ್ಬೊಬ್ಬರನ್ನಾಗಿ ಕರೆತಂದು ತೋರಿಸಿದರು.

ಹಲಗೆ ಏರಿಸುವಾಗ ದೇವರಾಜ ಏನಾದರೂ ಹೇಳಬೇಕೆಂದುಕೊಂಡ. ಕೌದಿಯ ಬಗ್ಗೆ, ಬ್ರೇಕಿನ ಬಗ್ಗೆ. "ಅಯ್ಯನವರ, ನೀವಿಲ್ಲಂದ್ರ ಇದು..." ಎಂದು ಶುರು ಮಾಡಿದ.

"ಜೋಯಿಡಾದವರು ಯಾವತ್ತ ಕರದಾರ?"

"ಬರೂ ಐತವಾರ್ರಿ."

"ಹಂಗಾರ ಕೌದಿ ಒಗೀಬೇಕು. ಧೂಳ ಹಿಡದೈತಿ." ಬಸಲಿಂಗಯ್ಯ ಜೇಬಿಗೆ ಕೈ ಹಾಕಿ, ಉಳಿದಿದ್ದ ವಿಭೂತಿಯನ್ನು ಬೆರಳಿಗೆ ಹಚ್ಚಿಕೊಂಡು ಅವನ ಮುಖ ನೋಡಿದರು. "ಇಲ್ಲೆ ಕರೆಂಟ್ ಇಲ್ಲ, ಹೌದಿಲ್ಲೋ?"

"ಇಲ್ರಿ" ಎಂದ ದೇವರಾಜ, ಹಣೆ ಮುಂದೆ ಮಾಡಿದ.