ಒಂಬತ್ತನೆಯ ಇಂಜಿನ್

ತಮ್ಮನ ಪಿಕಪ್ಪಿನ ಬಾನೆಟ್ ಎತ್ತಿದ ಅಣ್ಣ ಎತ್ತಿದ ಕೈ ಇಳಿಸದೆ ನಿಂತುಬಿಟ್ಟ.

"ಇದೇನ್ರೀ ಇದು! ಇಂಜಿನ್ನೇ ಇಲ್ವಲ್ಲ!"

ಅಂಗಳದಲ್ಲಿದ್ದವರೆಲ್ಲ ಬಂದು ಇಣುಕಿದರು. ಇಂಜಿನ್ ಇರಬೇಕಾದ ಕಡೆ ನಾಲ್ಕು ವೈರು, ಎರಡು ರಬ್ಬರ್ ಪೈಪು, ಅದರ ಕೆಳಗೆ ನೆಲ. ನಿನ್ನೆ ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ತಮ್ಮ ನಿಂತ ನಿಲುವಿನಲ್ಲೇ ಕುಸಿದು ಸತ್ತಿದ್ದ, ಅದೂ ಐವತ್ತೆರಡು ವರ್ಷಕ್ಕೆ. ಆ ಏಟಿನಿಂದಲೇ ಯಾರೂ ಚೇತರಿಸಿಕೊಂಡಿರಲಿಲ್ಲ. ಈಗ ನೋಡಿದರೆ ಅವನ ಪಿಕಪ್ಪಿನ ಹೊಟ್ಟೆಯೂ ಖಾಲಿ.

"ಹೋದ ತಿಂಗಳೇ ಇಳಿಸಿದ್ದು," ಎಂದ ಮೇಸ್ತ್ರಿ. ಬೀದಿ ಕೊನೆಯಲ್ಲಿ ಗಾಡಿ ರಿಪೇರಿ ಮಾಡುವವನು, ಸತ್ತವನಿಗೆ ಇಪ್ಪತ್ತು ವರ್ಷದ ಗೆಳೆಯ. "ಇಂಜಿನ್ ಬ್ಲಾಕೇ ಸೀಳಿತ್ತು. ಬೇರೆ ಹುಡುಕ್ತಾ ಇದ್ವಿ."

"ಒಂದು ತಿಂಗಳಿಂದಾನಾ? ಸರಿ ಹೋಯ್ತು! ಶವದ ವ್ಯಾನ್ ಕರೆಸ್ತೀನಿ," ಎಂದು ಅಣ್ಣ ಫೋನ್ ತೆಗೆದ.

"ಬೇಡ ಭಾವ."

ತಮ್ಮನ ಹೆಂಡತಿ ಹೊಸಿಲ ಮೇಲೆ ನಿಂತಿದ್ದಳು. ನಿನ್ನೆಯಿಂದ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಗರ ಬಡಿದವಳ ಹಾಗೆ ಓಡಾಡುತ್ತಿದ್ದಳು.

"ಕಂಡವರ ಮನೆ ಸಾಮಾನೆಲ್ಲ ಇದರಲ್ಲೇ ಸಾಗಿಸಿದೋರು ಅವರು. ಇವತ್ತು ಬೇರೆಯವರ ಗಾಡೀಲಿ ಕಳಿಸಲ್ಲ ನಾನು. ತಳ್ಳಿ. ಸ್ಮಶಾನ ಏನು, ಎರಡು ಬೀದಿ ದಾಟಿದ್ರೆ ಬಂತು."

ಅಣ್ಣ ಫೋನ್ ಜೇಬಿಗಿಟ್ಟ. ಮೇಸ್ತ್ರಿ ಪಂಪು ತಂದು ಚಕ್ರಗಳಿಗೆ ಗಾಳಿ ಹೊಡೆಯತೊಡಗಿದ. ಪಕ್ಕದ ಮನೆಯಾಕೆ ಅವಳ ಕೈ ಹಿಡಿದು, "ಕಲ್ಲುಗುಂಡಿನ ಹಾಗಿದ್ರಲ್ಲೇ! ಒಂದು ಸೂಚನೆಯಾದ್ರೂ ಬೇಡ್ವಾ?" ಎಂದಳು.

"ಎದೆ ನೋವು ಅಂತ ಒಂದೇ ಒಂದು ಸಲ ಅಂದಿದ್ರೆ ಸಾಕಿತ್ತು, ಹೊತ್ಕೊಂಡಾದ್ರೂ ಹೋಗ್ತಿದ್ದೆ. ಯಾರ ಹತ್ರಾನೂ ತುಟಿ ಪಿಟಕ್ ಅನ್ಲಿಲ್ಲ."

ಮೇಸ್ತ್ರಿಯ ಪಂಪು ಅರ್ಧಕ್ಕೇ ನಿಂತಿತು.

* * *

ಹತ್ತು ದಿನದ ಹಿಂದೆ ಗುಜರಿ ಅಂಗಡಿಯಲ್ಲಿ ಗೆಳೆಯರಿಬ್ಬರೂ ಒಂಬತ್ತನೆಯ ಇಂಜಿನ್ ನೋಡುತ್ತಿದ್ದರು. ಮೇಸ್ತ್ರಿಯ ಕ್ರಮವೇ ಹಾಗೆ: ಇಂಜಿನ್ ಚಾಲೂ ಮಾಡಿಸಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದಕ್ಕೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಕಣ್ಣು ಮುಚ್ಚುವುದು. ಒಳಗಿನ ಒಂದು ವಾಲ್ವು ಕೂದಲೆಳೆಯಷ್ಟು ಸಡಿಲವಿದ್ದರೂ ಕೇಳಿಸುತ್ತದೆ ಎಂಬ ಜಂಬ ಬೇರೆ. ಆ ಕಿವಿಗೆ ಎಂಟು ಇಂಜಿನ್ ಬಲಿಯಾಗಿದ್ದವು. ದೊಡ್ಡ ಗಾಡಿಯದೊಂದು ಸಿಕ್ಕಾಗ ಗೆಳೆಯ ಕುಣಿದಿದ್ದ, ಮೇಸ್ತ್ರಿಯೇ ತಡೆದಿದ್ದ: "ಎಳೆಯೋದೇನೋ ಎಳೆಯುತ್ತೆ, ನಿನ್ನ ಹಳೇ ಬ್ರೇಕು ನಿಲ್ಲಿಸುತ್ತೇನೋ?"

"ಹೆಣ್ಣು ನೋಡೋಕೂ ನಾನು ಇಷ್ಟು ಅಲೆದಿರ್ಲಿಲ್ಲ ಕಣೋ," ಎನ್ನುತ್ತಾ ಗೆಳೆಯ ಟೈರುಗಳ ಮೇಲೆ ಕುಕ್ಕರಿಸಿದ. ಹಣೆಯೆಲ್ಲ ಬೆವರು. "ಎಡಗೈ ಸೆಳೀತಿದೆ ಮಾರಾಯ. ನಾಲ್ಕು ದಿನ ಆಯ್ತು. ಎದೆ ಮೇಲೆ ಯಾರೋ ಕೂತ ಹಾಗಿರುತ್ತೆ."

ಮೇಸ್ತ್ರಿ ಕಿವಿಯಿಂದ ಸ್ಕ್ರೂಡ್ರೈವರ್ ತೆಗೆಯಲೇ ಇಲ್ಲ. "ಪಿಸ್ಟನ್ ರಿಂಗು ಸವೆದಿರಬೇಕು. ನಿಂಗೂ ಒಂದು ಇಂಜಿನ್ ನೋಡೋಣ ಬಿಡು."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಮೊದಲು ಗಾಡೀದು ಆಗ್ಲಿ, ಮಾರನೇ ದಿನಾನೇ ಡಾಕ್ಟ್ರ ಹತ್ರ ಹೋಗ್ತೀನಿ. ಮನೇಲಿ ಬಾಯಿ ಬಿಡಬೇಡ. ಅವಳು ಗಾಡಿ ಮಾರಿಸಿಬಿಡ್ತಾಳೆ."

"ನಂಗ್ಯಾಕಪ್ಪಾ ಊರ ಉಸಾಬರಿ!"

ಒಂಬತ್ತನೆಯದು ಚೆನ್ನಾಗಿಯೇ ಇತ್ತು. ಅದೇ ನೋಡಿ ಸಂಕಟ. ಅಳೆದೂ ಸುರಿದೂ ಮೇಸ್ತ್ರಿ, "ಪರವಾಗಿಲ್ಲ. ಆದ್ರೂ ಇನ್ನೊಂದು ನೋಡ್ಬಿಡೋಣ," ಎಂದಿದ್ದ. ಹೂಂ ಅಂದಿದ್ದರೆ ಮೂರು ದಿನದಲ್ಲಿ ಕೂರಿಸಿಬಿಡುತ್ತಿದ್ದ.

* * *

ಗೆಳೆಯನನ್ನು ಪಿಕಪ್ಪಿನ ಹಿಂಭಾಗದಲ್ಲಿ ಮಲಗಿಸಿದ್ದಾಯಿತು. ಸ್ಟೇರಿಂಗು ಹಿಡಿಯಲು ಹೆಂಡತಿಯೇ ಹತ್ತಿ ಕೂತಳು. ಮೇಸ್ತ್ರಿ ಕಿಟಕಿಯ ಬಳಿ ಹೋದ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಅದೂ ಅವನಿಗೆ ಗೊತ್ತಿತ್ತು.

"ತಂಗೀ, ಒಂದು ಮಾತು."

"ಹೇಳಿ ಅಣ್ಣ."

"ಎದೆ ನೋವು ಅಂತ ಅವನು ನಂಗೆ ಹೇಳಿದ್ದ."

ಅವಳು ನಿಧಾನವಾಗಿ ತಿರುಗಿದಳು. "ಯಾವಾಗ?"

"ಹತ್ತು ದಿನ ಆಯ್ತು. ಇಂಜಿನ್ ನೋಡುವಾಗ. ನಿಂಗೆ ಹೇಳ್ಬೇಡ ಅಂದ."

"ನೀವೇನಂದ್ರಿ?"

ಅವನಿಗೆ ಸುಳ್ಳು ಹೊಳೆಯಿತು, ನಾಲಗೆಗೆ ಬರಲಿಲ್ಲ.

"ನಕ್ಕುಬಿಟ್ಟೆ ತಂಗಿ."

ಬೈದರೆ ಸಾಕು, ಹೊಡೆದರೂ ಸಾಕು ಎಂದು ಮೇಸ್ತ್ರಿ ಕಾದ. ಅವಳು ಮುಂದಿನ ಗಾಜಿನ ಕಡೆ ತಿರುಗಿ ಸ್ಟೇರಿಂಗನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು.

"ಎಲ್ಲಾ ಕೈ ಹಾಕ್ರಪ್ಪಾ!" ಎಂದು ಅಣ್ಣ ಕೂಗಿದ.

ಮೇಸ್ತ್ರಿ ಹಿಂದೆ ಹೋಗಿ, ಗೆಳೆಯನ ಪಾದದ ನೇರಕ್ಕೆ, ತಗಡಿನ ಮೇಲೆ ಎರಡೂ ಅಂಗೈ ಊರಿದ.

"ಮೇಸ್ತ್ರೀ," ಎಂದಳು ಅವಳು, ಕನ್ನಡಿಯಲ್ಲಿ ನೋಡುತ್ತಾ. "ನೀವು ಕೈ ತೆಗೀರಿ."

ಜನ ದಂಗಾದರು. "ಯಾಕಮ್ಮಾ? ಗಾಡಿ ಗೊತ್ತಿರೋರು ಅವರೊಬ್ಬರೇ ಅಲ್ವಾ?" ಎಂದ ಅಣ್ಣ. ಮೇಸ್ತ್ರಿ ಕೈ ತೆಗೆದ.

ಗಾಡಿ ಹೊರಟಿತು. ಇಂಜಿನ್ನಿನ ಭಾರವಿಲ್ಲದೆ ಅದರ ಮೂತಿ ಮೇಲೆದ್ದಿತ್ತು. ಸದ್ದೆಂದರೆ ತಳ್ಳುವವರ ಚಪ್ಪಲಿಗಳದು ಮಾತ್ರ. ತಿಂಗಳ ಧೂಳು ಕೂತಿದ್ದ ಹಿಂದಿನ ತಗಡಿನ ಮೇಲೆ ಹತ್ತು ಬೆರಳೂ ಬಿಡಿಸಿದ ಮೇಸ್ತ್ರಿಯ ಅಂಗೈಗಳ ಗುರುತು ಹಾಗೇ ಮೂಡಿತ್ತು. ಪಕ್ಕದವರ್ಯಾರೋ ಆ ಜಾಗಕ್ಕೇ ತಮ್ಮ ಕೈ ಊರಿ ತಳ್ಳಿದರು.