ಮೊಳಕೈ ಮುಕ್ಕಾದ ಮಾಸ್ತ್ಯಮ್ಮ

ಮ್ಯೂಸಿಯಂ ತೋಟದೊಳಗೆ ಅಜ್ಜಮ್ಮ ಸೊಸೆಯ ಹೆಗಲು ಹಿಡಿದುಕೊಂಡೇ ನಡೆದಳು. ಕಣ್ಣಿಗೆ ಪೊರೆ ಬಂದ ಮೇಲೆ ಅವಳಿಗೆ ಬೆಳಕು ನೆರಳು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಸೊಸೆ ನಿರ್ಮಲಳ ಕೈಯಲ್ಲಿ ಉಡಿ ತುಂಬುವ ಸಾಮಾನಿನ ಚೀಲವಿತ್ತು: ಕುಬಸದ ಕಣ, ಅಕ್ಕಿ, ಕೊಬ್ಬರಿ ಬಟ್ಟಲು, ಹಸಿರು ಬಳೆ.

ಸವಳಂಗದ ಹತ್ತಿರದ ಅವರ ಊರಿನಲ್ಲಿ ಬಸುರಿಯರು ಮಾಸ್ತ್ಯಮ್ಮನ ಕಲ್ಲಿಗೆ ಬಳೆ ಇಡಬೇಕು. ಗಂಡನ ಚಿತೆ ಏರಿದವಳ ಕಲ್ಲು ಅದು. ಅಂಥವಳ ಹತ್ತಿರ ಮಕ್ಕಳನ್ನು ಬೇಡುವುದು ಹೇಗೆ ಎಂದು ನಿರ್ಮಲಳಿಗೆ ಅನ್ನಿಸಿದ್ದುಂಟು. ಬಾಯಿ ಬಿಟ್ಟು ಕೇಳಿರಲಿಲ್ಲ. ಎಪ್ಪತ್ತೆಂಟನೇ ಇಸವಿಯಲ್ಲಿ ಪ್ಯಾಟೆಯಿಂದ ಮ್ಯೂಸಿಯಂನವರ ಲಾರಿ ಬಂದು ಕಲ್ಲನ್ನು ಹೇರಿಕೊಂಡು ಹೋಯಿತು. ಆಮೇಲೆ ನಿರ್ಮಲಳಿಗೆ ಎರಡು ಸಲ ಬಸುರು ನಿಲ್ಲಲಿಲ್ಲ. ಬಳೆ ಇಡದ್ದಕ್ಕೇ ಹೀಗಾಯಿತು ಎಂದಳು ಅತ್ತೆ. ಈಗಿನ ಮೂರನೆಯ ಬಸುರೂ ಹೋದರೆ ಮಗನಿಗೆ ಬಿಳಿಚೋಡಿನಿಂದ ಇನ್ನೊಂದು ಹೆಣ್ಣು ತರುವುದೆಂದು ಮಾತಾಡಿಯೂ ಬಂದಿದ್ದಳು. ಮಗ ಕೊಟ್ರಬಸಪ್ಪ ಬೇಡವೆನ್ನಲಿಲ್ಲ. ಬೆಳಿಗ್ಗೆ ಇಬ್ಬರನ್ನೂ ಬಸ್ಸು ಹತ್ತಿಸಿ ಬೀಡಿ ಹಚ್ಚಿದ.

ಕಣಗಿಲೆ ಗಿಡಗಳ ನಡುವೆ ಕಲ್ಲುಗಳು ಸಾಲಾಗಿ ನಿಂತಿದ್ದವು. ತೋಳು ಎತ್ತಿದ ಹೆಂಗಸರೇ ಒಂದು ಸಾಲು. ಎಲ್ಲರ ತೋಳಿನಲ್ಲೂ ಬಳೆ, ಎಲ್ಲರದೂ ಒಂದೇ ಮುಖ.

"ಮೊಳಕೈ ನೋಡೇ," ಎಂದಳು ಅಜ್ಜಮ್ಮ. "ನಮ್ಮವ್ವಂದು ಗಾಡಿ ಗಾಲಿ ತಾಗಿ ಮುಕ್ಕಾಗೈತೆ."

ನಿರ್ಮಲ ಸಾಲು ಮುಗಿಯುವವರೆಗೂ ನೋಡಿದಳು. ಮುಕ್ಕಾದ ಮೊಳಕೈ ಅಲ್ಲಿರಲಿಲ್ಲ. ಅದಿದ್ದ ಕಲ್ಲು ಆಚೆ ನಲ್ಲಿಯ ಕೆಳಗೆ ಬಿದ್ದಿತ್ತು. ಕಟ್ಟೆ ಕಟ್ಟಿ ನಿಲ್ಲಿಸೋಣವೆಂದು ಮಲಗಿಸಿದವರು ಹಾಗೇ ಮರೆತಿದ್ದರು. ಶಾಲೆಯ ಮಕ್ಕಳು ಅದರ ಮೇಲೆ ನಿಂತು ನೀರು ಕುಡಿಯುತ್ತಿದ್ದವು. ಕಲ್ಲಿನ ಬಳೆಗಳ ಸಂದಿಯಲ್ಲಿ ಹಳೆಯ ಅರಿಶಿನ ಇನ್ನೂ ಇತ್ತು.

ತೋರಿಸಿದರೆ ಅತ್ತೆ ಏನೆನ್ನುತ್ತಾಳೆಂದು ಅವಳಿಗೆ ಗೊತ್ತಿತ್ತು. ನಿನ್ನ ಕಾಲ್ಗುಣಕ್ಕೆ ದೇವರು ಕಾಲಡಿ ಬಿತ್ತು ಅನ್ನುತ್ತಾಳೆ. ನಾಳೆಯೇ ಬಿಳಿಚೋಡಿನ ಬಸ್ಸು ಹತ್ತುತ್ತಾಳೆ.

"ಸಿಕ್ಕಳೇನೇ?"

"ಸಿಕ್ಕಳು, ಅತ್ತೆ."

ಸಾಲಿನ ಕೊನೆಯ ಕಲ್ಲಿನ ಮುಂದೆ ಅತ್ತೆಯನ್ನು ಕೂರಿಸಿದಳು. ಬುಡದ ತಗಡಿನ ಮೇಲೆ ಕಲ್ಲು ಸಿಕ್ಕ ಊರಿನ ಹೆಸರು ಬರೆದಿತ್ತು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ಅಕ್ಷರ ಕೂಡಿಸಿ ಓದಿಕೊಂಡಳು. ಬಿಳಿಚೋಡು. ಆಗಲೇ ಅತ್ತೆ ಕಲ್ಲಿಗೆ ಹಣೆ ಹಚ್ಚಿಯಾಗಿತ್ತು.

ಮಾಲಿ ಲಾಲ್‌ಸಾಬ್ ಪೊರಕೆ ಹಿಡಿದು ಬಂದ. ಇಲ್ಲಿ ಪೂಜೆ ಗೀಜೆ ಮಾಡುವಂತಿಲ್ಲ, ಸಾಹೇಬರು ಊಟಕ್ಕೆ ಹೋಗಿದ್ದಾರೆ, ಬರುವುದರೊಳಗೆ ಮುಗಿಸಿ ಎಂದ. ಅಜ್ಜಮ್ಮ ಅವಸರದಿಂದ ಅರಿಶಿನ ಹಚ್ಚಿದಳು. ಕೈ ತೋಳಿನ ಮೇಲೆ ಹರಿದು ಮೊಳಕೈಗೆ ಬಂದು ನಿಂತಿತು.

"ಮುಕ್ಕು ಎಲ್ಲೇ?"

"ಸಿಮೆಂಟು ಹಾಕಿ ಕೂಡಿಸ್ಯಾರೆ, ಅತ್ತೆ. ಸರ್ಕಾರದೋರು."

ಲಾಲ್‌ಸಾಬ್ ನಿರ್ಮಲಳ ಮುಖ ನೋಡಿದ. ಅವಳ ಹೊಟ್ಟೆ ನೋಡಿದ. ತರಗು ಗುಡಿಸಿಕೊಂಡು ಹೋದ.

"ನಮ್ಮೂರಾಗೆ ಯಾವನ ಕೈಲೂ ಆಗ್ಲಿಲ್ಲ ನೋಡು," ಎಂದು ಅಜ್ಜಮ್ಮ ನಕ್ಕಳು. ಬಿಳಿಚೋಡಿನ ಕಲ್ಲಿಗೆ ಉಡಿ ತುಂಬಿದಳು, ಹಸಿರು ಬಳೆ ಇಟ್ಟಳು, ಸೊಸೆಯ ಹೆಸರು ಹೇಳಿ ಗಂಡುಮಗು ಬೇಡಿದಳು.

ಹೊರಡುವಾಗ ಬಿಸಿಲಿಗೆ ಕಾಲು ಸುಡುತ್ತದೆ, ನೀರಿನ ಸದ್ದು ಕೇಳುತ್ತಿದೆ, ಅಲ್ಲಿಗೆ ಕರೆದುಕೊಂಡು ಹೋಗು ಎಂದಳು. ಬೇಡ, ಬಸ್ಸು ತಪ್ಪುತ್ತದೆ ಎಂದಳು ನಿರ್ಮಲ. ಅತ್ತೆ ಕೇಳಲಿಲ್ಲ, ಸದ್ದಿನ ಜಾಡು ಹಿಡಿದು ತಾನೇ ನಡೆದಳು. ಬೀಳದಿರಲೆಂದು ನಿರ್ಮಲ ಓಡಿ ರಟ್ಟೆ ಹಿಡಿದಳು.

ಅಜ್ಜಮ್ಮ ಕಲ್ಲಿನ ಮೇಲೆ ನಿಂತು ಒಂದು ಕಾಲಿನಿಂದ ಇನ್ನೊಂದನ್ನು ಉಜ್ಜಿ ಉಜ್ಜಿ ತೊಳೆದಳು. ಕೆಂಪು ಮಣ್ಣಿನ ನೀರು ಮಾಸ್ತ್ಯಮ್ಮನ ಮುಖದ ಮೇಲೆ ಹರಿಯಿತು.

"ಕಲ್ಲು ಭಾಳ ತಂಪೈತೆ," ಎಂದಳು. ಆಮೇಲೆ ಸೊಸೆಯ ಕಡೆ ಮುಖ ಮಾಡಿ, "ನಾನು ಮಾಡದು ಮಾಡೀನಿ. ಇನ್ಮ್ಯಾಲೆ ಏನಾದ್ರೂ ತಪ್ಪು ನಿಂದೇ ನೋಡು," ಎಂದಳು.

"ಹೂಂ, ಅತ್ತೆ," ಎಂದಳು ನಿರ್ಮಲ.